ಚಿಕ್ಕಮ್ಮನೂ ಎರಡು ಬೆರಳು ಜಾರಿದ ಆಕಾಶವೂ

ಆಕಾಶದಲ್ಲಿ ಸುತ್ತುವ ಉಪಗ್ರಹಗಳಿಗೂ ನಮ್ಮ ಚಿಕ್ಕಮ್ಮನನ್ನು ಕಂಡರೆ ಹೆದರಿಕೆ ಎಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ! ಒಂದು ಭಾನುವಾರ ಅವರ ಜೊತೆ ಬಂಟ್ವಾಳದಿಂದ ಬೆಳ್ತಂಗಡಿಗೆ, ಅಲ್ಲಿಂದ ಮೂಡುಬಿದಿರೆಗೆ ಒಂದು ಸುತ್ತು ಹಾಕಿ ಬನ್ನಿ, ಆಮೇಲೆ ಆ ನಗು ಎಲ್ಲಿ ಹೋಗುತ್ತದೆ ನೋಡೋಣ. ನಾವು ನೀವೆಲ್ಲ ಮೊಬೈಲು ತೋರಿಸಿದ ದಾರಿ ಹಿಡಿದು ಹೋಗಿ, ಅದು ಯಾರದೋ ಹಟ್ಟಿಯ ಎದುರು ನಿಲ್ಲಿಸಿ 'ನೀವು ತಲುಪಿದ್ದೀರಿ' ಎಂದರೆ ಮೊಬೈಲಿಗೆ ನಾಲ್ಕು ಬೈದು ಹಿಂದೆ ತಿರುಗುವವರು. ಚಿಕ್ಕಮ್ಮ ಅಷ್ಟಕ್ಕೆ ಬಿಡುವವರಲ್ಲ. ತಲೆಯೆತ್ತಿ, ಹಣೆಗೆ ಕೈಯಿಟ್ಟು, ನೇರವಾಗಿ ಉಪಗ್ರಹಕ್ಕೇ ಬೈಯುತ್ತಾರೆ. "ನೀನು ಎಂತ, ಮೇಲೆ ಕೂತು ನಿದ್ದೆ ಮಾಡ್ತಿದ್ದೀಯಾ?"

ಚಿಕ್ಕಮ್ಮ ಎಂದರೆ ನನ್ನ ತಾಯಿಯ ತಂಗಿ. ಪಾಲಿಟೆಕ್ನಿಕ್ಕಿನಲ್ಲಿ ಸರ್ವೆ ಪಾಠ ಹೇಳಿ ನಿವೃತ್ತರಾದವರು. ಅವರ ಕೈಯಲ್ಲಿ ಬೈಸಿಕೊಳ್ಳದ ಎಂಜಿನಿಯರು ನಮ್ಮ ಮೂರು ತಾಲೂಕಿನಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ. ನಿವೃತ್ತಿಯ ದಿನ ಸಹೋದ್ಯೋಗಿಗಳು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, "ಇನ್ನಾದರೂ ಆರಾಮ ಮಾಡಿ ಮೇಡಂ" ಎಂದು ಕಳಿಸಿದರಂತೆ. ಚಿಕ್ಕಮ್ಮ ಆರಾಮ ಮಾಡಿದರು. ಹೇಗೆ ಗೊತ್ತೇ? ನಿವೃತ್ತರಾದಾಗ ಬೇರೆಯವರು ಬಳೆ ಮಾಡಿಸುತ್ತಾರೆ, ಕಾಶಿಗೆ ಹೋಗುತ್ತಾರೆ. ಇವರು ಒಂದು ರೋವರ್ ತಂದರು!

ರೋವರ್ ಎಂದರೆ ಆಳೆತ್ತರದ ಒಂದು ಕೋಲು. ತುದಿಯಲ್ಲಿ ಬಿಳಿ ಅಣಬೆಯಂಥ ಆಂಟೆನಾ. ಕೋಲಿನ ನಡುವೆ ಗಾಜಿನ ಬಿಲ್ಲೆಯೊಳಗೆ ಒಂದು ಗಾಳಿಗುಳ್ಳೆ. ಗುಳ್ಳೆ ಬಿಲ್ಲೆಯ ನಡುವೆ ನಿಂತರೆ ಕೋಲು ನೆಟ್ಟಗಿದೆ ಎಂದರ್ಥ. ಪಕ್ಕಕ್ಕೆ ಸರಿದರೆ ಕೋಲು ವಾಲಿದೆ ಎಂದರ್ಥ. ಇದರ ಜೊತೆ ಕೈಯಲ್ಲಿ ಹಿಡಿಯುವ ಒಂದು ಸ್ಕ್ರೀನು. ಬಲಗೈಯಲ್ಲಿ ಕೋಲು, ಎಡಗೈಯಲ್ಲಿ ಸ್ಕ್ರೀನು, ಸೊಂಟಕ್ಕೆ ಸಿಕ್ಕಿಸಿದ ಸೆರಗು, ತಲೆಗೊಂದು ಟೋಪಿ: ಈ ವೇಷದಲ್ಲಿ ಅವರು ಎದುರು ಬಂದರೆ ಬಂಟ್ವಾಳ ಪೇಟೆಯ ದನಗಳೂ ದಾರಿ ಬಿಡುತ್ತವೆ. ಮನೆಯಲ್ಲಿ ನಾವೆಲ್ಲ ತುಳು ಮಾತಾಡುವವರು. ಆದರೆ ಚಿಕ್ಕಮ್ಮ ಕೋಲು ಹಿಡಿದರೆಂದರೆ ತುಳು ಬಂದ್, ಕನ್ನಡ ಶುರು. ಅಳತೆ ಎಂಬುದು ಆಫೀಸಿನ ಕೆಲಸ, ಆಫೀಸಿನ ಕೆಲಸ ಆಫೀಸಿನ ಭಾಷೆಯಲ್ಲೇ ಆಗಬೇಕಂತೆ.

ಉಪಗ್ರಹ ಹೇಳುವ ಜಾಗಕ್ಕೂ ನಾವು ನಿಂತ ಜಾಗಕ್ಕೂ ಒಂದೆರಡು ಮಾರು ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಹಾಗಾಗಿ ಅಲ್ಲಲ್ಲಿ ಕಟ್ಟಡಗಳ ತಾರಸಿಯ ಮೇಲೆ ಒಂದೊಂದು ಸ್ಟೇಷನ್ ಕೂರಿಸಿರುತ್ತಾರೆ. ಆ ಸ್ಟೇಷನ್ನಿಗೆ ತಾನು ಕೂತ ಜಾಗ ಕರಾರುವಾಕ್ಕಾಗಿ ಗೊತ್ತು. ಉಪಗ್ರಹ ಬೇರೆ ಜಾಗ ಹೇಳಿತೋ, "ಈಗ ಇಷ್ಟು ತಪ್ಪು ಹೇಳುತ್ತಿದೆ, ಅಷ್ಟನ್ನು ತಿದ್ದಿಕೊಳ್ಳಿ" ಎಂದು ಆ ಕ್ಷಣವೇ ಇಂಟರ್ನೆಟ್ಟಿನಲ್ಲಿ ಸುತ್ತಲಿನ ರೋವರುಗಳಿಗೆಲ್ಲ ಕೂಗಿ ಹೇಳುತ್ತದೆ. ಈ ಕೂಗಿಗೆ ಕರೆಕ್ಷನ್ ಎಂದು ಹೆಸರು. ಅದು ಸಿಕ್ಕಿದರೆ ರೋವರು ತಾನು ನಿಂತ ಜಾಗವನ್ನು ಬೆರಳಗಲದ ಲೆಕ್ಕದಲ್ಲಿ ಹೇಳಬಲ್ಲದು. ಇಷ್ಟು ಕೇಳಿ ಎಲ್ಲರೂ ಬೆರಗಾಗಿ ಮನೆಗೆ ಹೋಗುತ್ತಾರೆ. ಚಿಕ್ಕಮ್ಮನಿಗೆ ಮಾತ್ರ ಇಲ್ಲಿಂದಲೇ ತಲೆಬಿಸಿ ಶುರು. "ಅಲ್ಲ ಮಾರಾಯ, ತಪ್ಪು ತಿದ್ದುವವನೇ ತಪ್ಪು ಹೇಳಿದರೆ ಅವನನ್ನು ತಿದ್ದುವುದು ಯಾರು?"

ಯಾರೆಂದರೆ, ಚಿಕ್ಕಮ್ಮ!

ಅದಕ್ಕಾಗಿ ಅವರ ಬಳಿ ಮೂರು ಗುರುತುಗಳಿವೆ. ಒಂದು ಬಂಟ್ವಾಳದಲ್ಲಿ ಹೊಳೆಗೆ ಇಳಿಯುವ ಕಲ್ಲಿನ ಮೆಟ್ಟಿಲ ಮೇಲೆ, ಇನ್ನೊಂದು ಬೆಳ್ತಂಗಡಿಯ ಹೊರಗಿನ ಒಂದು ಮೋರಿಯ ಕಟ್ಟೆಯ ಮೇಲೆ, ಮತ್ತೊಂದು ಮೂಡುಬಿದಿರೆಯಲ್ಲಿ ಒಂದು ಕಾಲೇಜು ಮೈದಾನದ ಅಂಚುಗಲ್ಲಿನ ಮೇಲೆ. ಸರ್ವಿಸಿನಲ್ಲಿದ್ದಾಗ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು, ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಯಂತ್ರ ಕೂರಿಸಿ, ಇಡೀ ದಿನ ಬಿಸಿಲಲ್ಲಿ ಕಾದು, ಆ ಮೂರು ಜಾಗ ಭೂಮಿಯ ಮೇಲೆ ಸರಿಯಾಗಿ ಎಲ್ಲಿವೆ ಎಂದು ಲೆಕ್ಕ ಹಾಕಿ ಇಟ್ಟಿದ್ದಾರೆ. ಈಗ ರೋವರ್ ಹಿಡಿದುಕೊಂಡು ಹೋಗಿ ಆ ಗುರುತಿನ ಮೇಲೆ ನಿಲ್ಲಿಸುವುದು. ಸ್ಕ್ರೀನು ಹಳೆಯ ಲೆಕ್ಕವನ್ನೇ ಹೇಳಿದರೆ ಕರೆಕ್ಷನ್ ಸರಿ. ಇಲ್ಲದಿದ್ದರೆ ಆ ಸ್ಟೇಷನ್ನಿನವರ ಗ್ರಹಚಾರ ಕೆಟ್ಟಿತು ಅಂತಲೇ ಲೆಕ್ಕ!

ಈ ಯಾತ್ರೆಗೆ ನಾನೇ ಸಾರಥಿ. ಬಂಟ್ವಾಳದಲ್ಲಿ ನನ್ನದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್ ಇದೆ. ಮದುವೆ ಕಾಗದ, ಗೃಹಪ್ರವೇಶದ ಕಾಗದ ಅಚ್ಚು ಹಾಕುವವನಿಗೆ ಉಪಗ್ರಹದ ಸಹವಾಸ ಯಾಕೆ ಎನ್ನಬೇಡಿ. ಭಾನುವಾರ ಪ್ರೆಸ್ಸಿಗೆ ರಜೆ, ನನ್ನ ಬಳಿ ಕಾರಿದೆ, ಚಿಕ್ಕಮ್ಮನಿಗೆ ಇಲ್ಲ ಎನ್ನುವ ಧೈರ್ಯ ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ. ಹೀಗೆ ಆದದ್ದು.

ಸಹವಾಸದ ಫಲ ಪ್ರೆಸ್ಸಿಗೂ ತಟ್ಟಿತು. ನಮ್ಮ ಕಡೆಯ ಮದುವೆ ಕಾಗದದ ಹಿಂದೆ ಮದುವೆ ನಡೆಯುವ ಹಾಲಿಗೆ ಹೋಗುವ ದಾರಿಯ ಪುಟ್ಟ ಚಿತ್ರ ಇರುತ್ತದೆ, ನೀವು ನೋಡಿರಬಹುದು. ಒಂದು ದಿನ ಚಿಕ್ಕಮ್ಮ ಪ್ರೆಸ್ಸಿಗೆ ಬಂದವರು ಅಂಥ ಒಂದು ಕಾಗದ ಎತ್ತಿ ನೋಡಿ ಹೌಹಾರಿದರು.

"ಇದು ಎಂತದು? ಬಿ.ಸಿ.ರೋಡು ಇಲ್ಲಿ, ಹಾಲು ಇಲ್ಲಿ! ನಡುವೆ ಒಂದು ಗೆರೆ! ಈ ಲೆಕ್ಕದಲ್ಲಿ ಹೋದರೆ ಜನ ಹೊಳೆಯಲ್ಲಿ ಇರ್ತಾರೆ!"

"ಚಿಕ್ಕಮ್ಮ, ಅದು ಅಂದಾಜಿಗೆ ಹಾಕುವುದು. ಜನ ಹೇಗೂ ಬರ್ತಾರೆ."

"ಅಂದಾಜಿಗೆ ಊಟ ಬಡಿಸ್ತಾರಾ? ಅಂದಾಜಿಗೆ ತಾಳಿ ಕಟ್ತಾರಾ?"

ಆ ಕಾಗದ ಮಾಡಿಸಲು ಬಂದು ಅಲ್ಲೇ ನಿಂತಿದ್ದ ಮದುಮಗಳ ತಂದೆಗೆ ಈ ಮಾತು ತಾಗಿಬಿಟ್ಟಿತು. ಮಗಳ ಮದುವೆಯಲ್ಲಿ ಯಾವುದೂ ಅಂದಾಜಿಗೆ ಆಗಬಾರದು, ಮೇಡಂ ಹೇಳಿದ ಹಾಗೇ ಆಗಲಿ ಎಂದರು. ಚಿಕ್ಕಮ್ಮ ಅದೇ ದಿನ ಹಾಲಿಗೆ ಹೋಗಿ ಅಳೆದು, ಉದ್ದುದ್ದ ಅಂಕಿಗಳನ್ನು ತಂದುಕೊಟ್ಟರು. ಕಾಗದದ ಹಿಂದೆ ಮುದ್ದಾಗಿ ಅಚ್ಚು ಹಾಕಿದೆ. ಮದುವೆಯ ದಿನ ಬಂದ ನೆಂಟರಲ್ಲಿ ಹಳಬರು ಕೇಳಿಕೊಂಡು ಬಂದರು, ಹಾಲಿನ ಎದುರಿನ ಬಾಗಿಲಲ್ಲಿ ಇಳಿದರು, ಪನ್ನೀರು ಎರಚಿಸಿಕೊಂಡರು. ಹೊಸ ಕಾಲದ ಹುಡುಗರು ಅಂಕಿಗಳನ್ನು ಮೊಬೈಲಿಗೆ ಹಾಕಿ ಬಂದವರು ಒಬ್ಬರಾದ ಮೇಲೊಬ್ಬರು ಹಿತ್ತಿಲ ದಾರಿಯಾಗಿ ನುಗ್ಗಿ ಪಾಯಸದ ಕೊಪ್ಪರಿಗೆಯ ಎದುರು ನಿಂತರು! ಆದದ್ದೇನು? ಎದುರಿನ ಬಾಗಿಲಿಗೆ ದೊಡ್ಡ ಚಪ್ಪರ, ಮರ. ಅಲ್ಲಿ ಉಪಗ್ರಹ ಸರಿಯಾಗಿ ಕಾಣುವುದಿಲ್ಲ ಎಂದು ಚಿಕ್ಕಮ್ಮ ಆಕಾಶ ಬಯಲಾಗಿರುವ ಜಾಗ ಹುಡುಕಿ ಅಡುಗೆಯ ಅಂಗಳದಲ್ಲಿ ಕೋಲು ಊರಿದ್ದರು. ಅಡುಗೆ ಭಟ್ಟರು ಮೊದಲು ಸೌಟು ಎತ್ತಿದರಂತೆ, ಆಮೇಲೆ ಅದೇ ಸೌಟಿನಲ್ಲಿ ಹುಡುಗರಿಗೆಲ್ಲ ಪಾಯಸ ಕೊಟ್ಟರಂತೆ. ದಾರಿ ತಪ್ಪಿತೆಂದು ಒಬ್ಬನೂ ದೂರಲಿಲ್ಲ. ಚಿಕ್ಕಮ್ಮನಂತೂ, "ಬೆರಳಗಲ ಆಚೀಚೆ ಆಗಲಿಲ್ಲ ನೋಡು!" ಎಂದು ವಾರವಿಡೀ ಬೀಗಿದರು.

ಜನ ನೂರು ಕೇಳುತ್ತಾರೆ. ಮೂಡುಬಿದಿರೆಯ ಮೈದಾನದಲ್ಲಂತೂ ಎಲ್ಲೆಲ್ಲಿಂದಲೋ ಓದಲು ಬಂದ ಹುಡುಗರು ಸುತ್ತ ನೆರೆಯುತ್ತಾರೆ. "ಆಂಟಿ, ಇದು ಫೈವ್ ಜಿ ಟವರಾ?" ಎಂದು ಒಬ್ಬ ಕೇಳಿದ್ದಕ್ಕೆ ಚಿಕ್ಕಮ್ಮ ಅಲ್ಲೇ ಪಾಠ ಶುರು ಮಾಡಿದರು. ಪಾಠ ಮುಗಿಯುವಾಗ ಅವನಿಗೆ ಮಧ್ಯಾಹ್ನದ ಮೆಸ್ಸು ತಪ್ಪಿತ್ತು. ಬಂಟ್ವಾಳದ ಪಕ್ಕದ ಬಿ.ಸಿ.ರೋಡಿನಲ್ಲಿ ಇವರು ರಸ್ತೆ ಬದಿ ಕೋಲು ಹಿಡಿದು ನಿಂತದ್ದು ಕಂಡು ಖಾಸಗಿ ಬಸ್ಸಿನ ಕಂಡಕ್ಟರೊಬ್ಬ ಬಸ್ಸನ್ನೇ ನಿಲ್ಲಿಸಿ, "ಪುನಃ ರೋಡ್ ಅಗಲ ಮಾಡ್ತಾರಾ ಅಮ್ಮ? ಈ ಸಲ ಯಾರ ಅಂಗಡಿ ಹೋಗ್ತದೆ?" ಎಂದು ಕೇಳಿದ. ಕೇಳುವುದು ಕೇಳಿದ, ಹಿಂದಿನ ಬಸ್ಸಿನವರ ಹಾರ್ನು ಶುರುವಾಗುವವರೆಗೆ ಉತ್ತರಕ್ಕಾಗಿ ಕಾದ!

ಇನ್ನು ಅವರ ಪದ್ಧತಿಯ ಬಗ್ಗೆ ಹೇಳಲೇಬೇಕು. ಚಿಕ್ಕಮ್ಮ ಯಾವ ಗುರುತಿನ ಮೇಲೆ ನಿಂತರೂ ಮುಖ ಪೂರ್ವಕ್ಕೆ. ದೇವರ ದೀಪ ಹಚ್ಚುವುದು ಪೂರ್ವಕ್ಕೆ ಮುಖ ಮಾಡಿ, ಮದುಮಕ್ಕಳು ಮಣೆಯ ಮೇಲೆ ಕೂರುವುದು ಪೂರ್ವಕ್ಕೆ, ಅಂದಮೇಲೆ ಅಳತೆಯಂಥ ಒಳ್ಳೆಯ ಕೆಲಸ ಬೇರೆ ದಿಕ್ಕಿಗೆ ಮಾಡುವುದುಂಟೇ? ಹೀಗೆ ನಿಂತು, ಮೊದಲು ಗುಳ್ಳೆಯನ್ನು ನಡುವಿಗೆ ತಂದು, ಆಮೇಲೆ ಕಣ್ಣು ಸ್ಕ್ರೀನಿಗೆ ನೆಟ್ಟರೆಂದರೆ ಪಕ್ಕದಲ್ಲಿ ಪಟಾಕಿ ಹೊಡೆದರೂ ಕಣ್ಣು ಕೀಳುವವರಲ್ಲ. ಕೋಲು ಅಲ್ಲಾಡದಂತೆ ಹಿಡಿಯಲು ಬೈಪಾಡ್ ಎಂಬ ಎರಡು ಕಾಲಿನ ಆಸರೆ ಸಿಗುತ್ತದೆ. ಇವರ ರೋವರಿನ ಜೊತೆಗೂ ಬಂದಿತ್ತು. ಚಿಕ್ಕಮ್ಮ ಅದನ್ನು ಹಿತ್ತಿಲಲ್ಲಿ ಬಸಳೆ ಬಳ್ಳಿ ಹಬ್ಬಿಸಲು ಕೊಟ್ಟುಬಿಟ್ಟರು. "ಕೈ ಗಟ್ಟಿ ಇಲ್ಲದವರಿಗೆ ಅದು. ನನ್ನ ಕೈ ಕಲ್ಲು ಮಾರಾಯ, ಕಲ್ಲು!"

ಹೀಗೆ ನಡೆಯುತ್ತಿರುವಾಗ ಪುತ್ತಿಗೆಯ ಬಳಿ ಒಂದು ಕಟ್ಟಡದ ತಾರಸಿಗೆ ಹೊಸ ಸ್ಟೇಷನ್ ಬಂತು. ಕೂರಿಸಿದವಳು ಗದಗದ ಕಡೆಯ ಒಬ್ಬ ಹುಡುಗಿ. ಹೆಸರು ಶ್ವೇತಾ. ಸ್ಟೇಷನ್ ಕೂರಿಸುವ ಕಂಪನಿಯ ಕೆಲಸಕ್ಕೆ ಸೇರಿ ಹೆಚ್ಚು ದಿನವಾಗಿರಲಿಲ್ಲ, ಅವಳೇ ಕೈಯಾರೆ ಕೂರಿಸಿದ ಮೊದಲ ಸ್ಟೇಷನ್ ಅದು. ಊರಿನಲ್ಲಿ ಅನುಭವಸ್ಥರು ಯಾರಾದರೂ ಕೆಲವು ವಾರ ಪರೀಕ್ಷೆ ಮಾಡಿ ಸರಿಯಿದೆ ಎಂದು ವರದಿ ಕೊಟ್ಟರೆ ಮಾತ್ರ ಅದು ಚಾಲೂ. ಅನುಭವಸ್ಥರು ಯಾರು ಎಂದು ಅವಳು ವಿಚಾರಿಸಿದಾಗ ಮೂರು ತಾಲೂಕಿನ ಎಂಜಿನಿಯರುಗಳೂ ಒಂದೇ ಹೆಸರು ಹೇಳಿದರಂತೆ. ಬೈಸಿಕೊಂಡ ನೆನಪು ಅಷ್ಟು ಸುಲಭಕ್ಕೆ ಹೋಗುತ್ತದೆಯೇ?

ಚಿಕ್ಕಮ್ಮನಿಗೆ ಹುಡುಗಿ ಹಿಡಿಸಿದಳು. ಮನೆಗೆ ಕರೆದು ನೀರುದೋಸೆ ಹಾಕಿದರು. ಜೋಳದ ರೊಟ್ಟಿ ತಿಂದು ಬೆಳೆದ ಆ ಹುಡುಗಿ ಕಾಗದದಂಥ ದೋಸೆಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ, "ಇದರಾಗಿಂದ ಆಚಿ ಮಂದಿ ಕಾಣಸ್ತಾರಲ್ರೀ ಮೇಡಂ!" ಎಂದಳು. ಎಂದವಳು ತಟ್ಟೆ ತುಂಬ ತಿಂದಳು. ಅವಳು ಹೋದಮೇಲೆ ಚಿಕ್ಕಮ್ಮ, "ಹುಡುಗಿ ಗಟ್ಟಿ ಉಂಟು. ಕೆಲಸವೂ ಗಟ್ಟಿ ಇರಬೇಕು, ನೋಡುವ," ಎಂದರು.

ನೋಡಿದರು. ಮೊದಲ ಭಾನುವಾರವೇ ಬಂಟ್ವಾಳದ ಮೆಟ್ಟಿಲ ಮೇಲೆ ಸ್ಕ್ರೀನು ಹಳೆಯ ಲೆಕ್ಕಕ್ಕೆ ಹೊಂದಲಿಲ್ಲ. ಎರಡು ಬೆರಳಗಲ ದಕ್ಷಿಣಕ್ಕೆ! ಬೆಳ್ತಂಗಡಿಗೆ ಓಡಿದೆವು. ಎರಡು ಬೆರಳು, ದಕ್ಷಿಣಕ್ಕೆ! ಮೂಡುಬಿದಿರೆಗೆ ಹಾರಿದೆವು. ಅಲ್ಲೂ ಅದೇ!

ಎರಡು ಬೆರಳೆಂದರೆ ನಿಮಗೆ ನಗು ಬರಬಹುದು. ಚಿಕ್ಕಮ್ಮನಿಗೆ ಅದು ಭೂಕಂಪ. ಅವರ ಕಣ್ಣಲ್ಲಿ ಕಂಡ ಹೊಳಪು ಇವತ್ತಿಗೂ ನೆನಪಿದೆ. ಜೀವಮಾನವಿಡೀ ಕಾದು ಕುಳಿತ ಬೇಟೆಗಾರನ ಎದುರಿಗೆ ಕೊನೆಗೂ ಹುಲಿ ಬಂದಿತ್ತು. ಮೈದಾನದ ಅಂಚಿನಲ್ಲೇ ನಿಂತು ಶ್ವೇತಾಳಿಗೆ ಫೋನು ಹಚ್ಚಿದರು.

"ಏನಮ್ಮಾ, ನಿನ್ನ ಸ್ಟೇಷನ್ ಇಡೀ ಜಿಲ್ಲೆಯನ್ನು ದಕ್ಷಿಣಕ್ಕೆ ತಳ್ಳುತ್ತಾ ಉಂಟಲ್ಲ! ಹೀಗೆ ಬಿಟ್ಟರೆ ನಾವೆಲ್ಲ ಕೇರಳಕ್ಕೆ ಹೋಗಿ ಬೀಳ್ತೇವೆ!"

"ಮೇಡಂ, ನಮ್ಮ ಕಡಿಂದ ಎಲ್ಲಾ ಬರೋಬ್ಬರಿ ಐತ್ರಿ. ಇನ್ನೊಮ್ಮೆ ಚೆಕ್ ಮಾಡ್ತೀನ್ರಿ."

ಚೆಕ್ ಮಾಡಿದಳು, ಬಂದು ತಾರಸಿ ಹತ್ತಿ ಬೋಲ್ಟು ಬಿಗಿ ಮಾಡಿದಳು, ಲೆಕ್ಕಗಳನ್ನು ಮತ್ತೆ ಹಾಕಿದಳು. ಮುಂದಿನ ಭಾನುವಾರವೂ ಎರಡು ಬೆರಳು ದಕ್ಷಿಣಕ್ಕೆ. ಅದರ ಮುಂದಿನ ಭಾನುವಾರವೂ. ಮಂಗಳೂರು ಕಡೆಯ ಹಳೆಯ ಸ್ಟೇಷನ್ನಿನ ಕರೆಕ್ಷನ್ ತೆಗೆದುಕೊಂಡು ನೋಡಿ ಎಂದು ಅವಳು ಹೇಳಿಕೊಟ್ಟಳು. ನೋಡಿದರೆ ಅದೂ ಎರಡು ಬೆರಳು ದಕ್ಷಿಣಕ್ಕೆ! ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಸ್ವಲ್ಪ ಯೋಚಿಸುತ್ತಿದ್ದರು. ಚಿಕ್ಕಮ್ಮ ಯೋಚಿಸಲಿಲ್ಲ. ಫೋನು ಎತ್ತಿ, "ಸರಿ ಇದ್ದ ಅದನ್ನೂ ಕೆಡಿಸಿದಿರಾ?" ಎಂದು ಕೂಗಿದರು.

ಪಾಪದ ಹುಡುಗಿ ಒಮ್ಮೆ ತಡೆಯಲಾರದೆ ಕೇಳಿಬಿಟ್ಟಳು, "ಸಿಟ್ಟಾಗಬ್ಯಾಡ್ರಿ ಮೇಡಂ, ಬೈಪಾಡ್ ಹಚ್ಚೀರೇನ್ರಿ?"

ಬಿ.ಸಿ.ರೋಡಿನ ಹೋಟೆಲಿನಲ್ಲಿ ಗೋಳಿಬಜೆ ತಿನ್ನುತ್ತ ಕುಳಿತಿದ್ದೆವು. ಚಿಕ್ಕಮ್ಮನ ಪಿತ್ತ ನೆತ್ತಿಗೇರಿತು. ಎಡಗೈಯಲ್ಲಿದ್ದ ಚಾ ಗ್ಲಾಸು ಕೆಳಗಿಟ್ಟ ರಭಸಕ್ಕೆ ಸಪ್ಲೈಯರು ಬಿಲ್ಲು ಹಿಡಿದು ಓಡಿ ಬಂದ. "ನೀನು ಹುಟ್ಟುವ ಮೊದಲೇ ಕೋಲು ಹಿಡಿದವಳು ನಾನು! ನನಗೆ ಬೈಪಾಡ್ ಹೇಳ್ತೀಯಾ?" ಫೋನು ಇಟ್ಟಮೇಲೆ ಚಿಕ್ಕಮ್ಮ ತಮ್ಮ ಪಾಲಿನ ಗೋಳಿಬಜೆಯನ್ನೂ ನನ್ನ ತಟ್ಟೆಗೆ ಹಾಕಿದರು.

ಅಷ್ಟು ಹೊತ್ತಿಗೆ ವಿಷಯ ಬಿಗಡಾಯಿಸಿತ್ತು. ಶ್ವೇತಾ ಇನ್ನೂ ಕಾಯಂ ಆಗಿರಲಿಲ್ಲ. ವರದಿ ಸೋಮವಾರ ಹೋಗಬೇಕು. ಚಿಕ್ಕಮ್ಮ ತಪ್ಪೆಂದು ಬರೆದರೆ ಸ್ಟೇಷನ್ ಬಿಚ್ಚಿಸುತ್ತಾರೆ, ಅವಳನ್ನು ಮನೆಗೆ ಕಳಿಸುತ್ತಾರೆ. ಇದನ್ನು ಹುಡುಗಿ ಅಳುತ್ತ ಹೇಳಿದ್ದಲ್ಲ. ನಾನೇ ಕೇಳಿದ್ದಕ್ಕೆ ಸಾದಾ ಮಾತಿನಂತೆ ಹೇಳಿದಳು: "ಮೇಡಂಗ ಹೇಳಬ್ಯಾಡ್ರಿ ಅಣ್ಣಾರ. ಕನಿಕರಕ್ಕ ಪಾಸ್ ಮಾಡಿದ್ರು ಅಂತಾಗಬಾರ್ದು." ಹೇಳಬೇಡ ಎಂದದ್ದನ್ನು ನಾನು ಅದೇ ಸಂಜೆ ಚಿಕ್ಕಮ್ಮನಿಗೆ ಹೇಳಿದೆ.

ಚಿಕ್ಕಮ್ಮ ಹಳೆಯ ಲೆಕ್ಕ ತೆಗೆದು ಮತ್ತೊಮ್ಮೆ ಓದಿದರು. ಆಮೇಲೆ, "ಪಾಪ ಅಂತ ಅಳತೆ ಸರಿ ಆಗ್ತದಾ?" ಎಂದರು. "ಭಾನುವಾರ ಇನ್ನೊಮ್ಮೆ ನೋಡುವ. ಮೂರೂ ಕಡೆ. ಆಗಲೂ ತಪ್ಪು ಇದ್ದರೆ ತಪ್ಪು ಅಂತಲೇ ಬರೆಯುವುದು."

ಕೊನೆಯ ಭಾನುವಾರ ಬಂತು. ಕಾರಿನಲ್ಲಿ ಚಿಕ್ಕಮ್ಮ ಉಪಗ್ರಹಗಳಿಗೆ ಬೈಯಲಿಲ್ಲ, ಬೇಡಿಕೊಳ್ಳುತ್ತಿದ್ದರು! ಕಿಟಕಿಯಿಂದ ತಲೆ ಹೊರಹಾಕಿ, "ಇವತ್ತಾದ್ರೂ ಸರಿ ಹೇಳಿ ಮಾರಾಯ್ರೆ, ಒಂದು ಹೆಣ್ಣಿನ ಅನ್ನದ ಪ್ರಶ್ನೆ," ಎಂದು ಆಕಾಶಕ್ಕೆ ಹೇಳುತ್ತಿದ್ದುದನ್ನು ಕೇಳಿ ನನಗೆ ನಗುವೂ ಬಂತು, ಹೆದರಿಕೆಯೂ ಆಯಿತು. ಬಂಟ್ವಾಳ: ಎರಡು ಬೆರಳು ದಕ್ಷಿಣ. ಬೆಳ್ತಂಗಡಿ: ಎರಡು ಬೆರಳು ದಕ್ಷಿಣ. ಅಲ್ಲಿಂದ ಹೊರಟಾಗ ಚಿಕ್ಕಮ್ಮ ಕಿಟಕಿಯ ಗಾಜು ಏರಿಸಿದರು.

ಮೂಡುಬಿದಿರೆಯ ಮೈದಾನದಲ್ಲಿ ಏನೋ ಸಮಾರಂಭ. ಚಿಕ್ಕಮ್ಮ ಪೂರ್ವಕ್ಕೆ ಮುಖ ಮಾಡಿ ನಿಲ್ಲುವ ಜಾಗದಲ್ಲೇ ಕುರ್ಚಿ ತುಂಬಿದ ಲಾರಿಯೊಂದು ಬಂದು ನಿಂತಿತ್ತು.

"ಸ್ವಲ್ಪ ಹಿಂದೆ ತೆಗೀತೀರಾ?" ಎಂದು ನಾನು ಡ್ರೈವರನನ್ನು ಕೇಳಿದೆ.

"ಟಯರ್ ಪಂಕ್ಚರ್ ಅಣ್ಣ. ನೀವೇ ಆಚೆ ಬದಿಯಲ್ಲಿ ನಿಲ್ಲಿ," ಎಂದ.

ಗುರುತಿನ ಆಚೆ ಬದಿ ಎಂದರೆ ಪಶ್ಚಿಮಕ್ಕೆ ಮುಖ! ಚಿಕ್ಕಮ್ಮ ಕೊಸರಾಡಿದರು, ಲಾರಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು, ಪಂಕ್ಚರಾದ ಟಯರನ್ನು ಕಾಲಿನಿಂದ ಒತ್ತಿ ಪರೀಕ್ಷಿಸಿದರು. ಬೇರೆ ದಾರಿ ಇರಲಿಲ್ಲ. ಬಾಯಲ್ಲೇ ಏನೋ ಗೊಣಗುತ್ತ ಪಶ್ಚಿಮಕ್ಕೆ ಮುಖ ಮಾಡಿ ಕೋಲು ಊರಿದರು, ಗುಳ್ಳೆ ನಡುವಿಗೆ ತಂದರು, ಸ್ಕ್ರೀನಿಗೆ ಕಣ್ಣು ನೆಟ್ಟರು. ನಾನೂ ಹಿಂದಿನಿಂದ ಇಣುಕಿದೆ.

ಎರಡು ಬೆರಳು, ಉತ್ತರಕ್ಕೆ!

ನನಗೆ ತಡೆಯಲಾಗಲಿಲ್ಲ. "ಚಿಕ್ಕಮ್ಮ, ಆಕಾಶಕ್ಕೂ ದಕ್ಷಿಣ ಸಾಕಾಯಿತು, ಇವತ್ತು ಉತ್ತರಕ್ಕೆ ಹೊರಟಿದೆ!" ಎಂದು ಗಟ್ಟಿಯಾಗಿ ನಕ್ಕೆ. ಬೈಗುಳಕ್ಕೆ ತಯಾರಾಗಿಯೇ ನಕ್ಕದ್ದು. ಬೈಗುಳ ಬರಲಿಲ್ಲ. ಚಿಕ್ಕಮ್ಮ ಸ್ಕ್ರೀನನ್ನೇ ನೋಡುತ್ತ ನಿಂತಿದ್ದರು.

"ಪೂರ್ವಕ್ಕೆ ನಿಂತರೆ ದಕ್ಷಿಣ," ಎಂದರು ನಿಧಾನವಾಗಿ. "ಪಶ್ಚಿಮಕ್ಕೆ ನಿಂತರೆ ಉತ್ತರ. ಎರಡೂ ಸಲ ನನ್ನ ಬಲಗಡೆ." ಆಮೇಲೆ ನನ್ನ ಕಡೆ ತಿರುಗಿ, "ನೀನು ಸ್ಕ್ರೀನ್ ನೋಡಬೇಡ. ಇಲ್ಲಿ ಬಾ. ಗುಳ್ಳೆ ನೋಡು," ಎಂದರು.

ಕೋಲನ್ನು ಮತ್ತೆ ನೆಟ್ಟಗೆ ಮಾಡಿದರು. ಗುಳ್ಳೆ ಬಿಲ್ಲೆಯ ನಟ್ಟನಡುವೆ ಬಂದು ನಿಂತಿತು. ಅವರು ಎಂದಿನಂತೆ ಸ್ಕ್ರೀನಿನ ಕಡೆ ಕಣ್ಣು ತಿರುಗಿಸಿದರು. ನಾನು ಬಗ್ಗಿ ಗುಳ್ಳೆಯನ್ನೇ ನೋಡುತ್ತಿದ್ದೆ. ತುಸು ಹೊತ್ತು ಸರಿಯಿತ್ತು. ಆಮೇಲೆ ಅದು ಮೆಲ್ಲಗೆ ಹೊರಟಿತು. ಅವರ ಬಲಗೈ, ತೂಕಡಿಸುವವರ ತಲೆಯ ಹಾಗೆ, ಅವರಿಗೇ ಗೊತ್ತಿಲ್ಲದೆ ಹೊರಕ್ಕೆ ವಾಲುತ್ತಿತ್ತು. ಬೆರಳುಗಳಲ್ಲಿ ಸಣ್ಣ ನಡುಕ.

"ಎಲ್ಲಿ ಉಂಟು?" ಎಂದರು, ಕಣ್ಣು ಕೀಳದೆ.

"ನಡುವೆ," ಎಂದೆ.

"ಸರಿಯಾಗಿ ನೋಡಿ ಹೇಳು."

"ನಡುವಿನಲ್ಲೇ ಉಂಟು, ಚಿಕ್ಕಮ್ಮ."

ಚಿಕ್ಕಮ್ಮ ಕತ್ತು ತಿರುಗಿಸಿ ನೋಡಿದರು. ಗುಳ್ಳೆ ಬಿಲ್ಲೆಯ ಅಂಚಿಗೆ ಹೋಗಿ ಅಂಟಿಕೊಂಡಿತ್ತು. ಅದನ್ನು ನೋಡಿದರು, ತಮ್ಮ ಕೈ ನೋಡಿದರು, ನನ್ನ ಮುಖ ನೋಡಿದರು. ನಾನು ಲಾರಿಯ ಕುರ್ಚಿಗಳನ್ನು ನೋಡತೊಡಗಿದೆ.

"ಸೀರೆಗೆ ಪಿನ್ ಹಾಕುವಾಗ ಗೊತ್ತಾಗ್ತಿತ್ತು," ಎಂದರು. "ಚಾ ಗ್ಲಾಸು ಹಿಡಿಯುವಾಗಲೂ. ಇದಕ್ಕೆ ಬರಲಿಕ್ಕಿಲ್ಲ ಅಂತ ಗ್ರಹಿಸಿದ್ದೆ."

ಏನಾದರೂ ತಮಾಷೆ ಮಾಡಬೇಕೆಂದು ಹುಡುಕಿದೆ, ಒಂದೂ ಸಿಗಲಿಲ್ಲ. ಚಿಕ್ಕಮ್ಮ ಅಷ್ಟರಲ್ಲಿ ಫೋನು ತೆಗೆದಿದ್ದರು. ನಾನು ಒಂದು ಭಾನುವಾರವೂ ಕೇಳಿರದ ಮೆತ್ತಗಿನ ಸ್ವರದಲ್ಲಿ, "ಮಗಾ, ನಿನ್ನ ಸ್ಟೇಷನ್ ಸರಿ ಉಂಟು," ಎಂದರು. "ಆಕಾಶವೂ ಸರಿ ಉಂಟು. ಓರೆ ಆದದ್ದು ನನ್ನ ಕೈ. ನೀನು ಬೈಪಾಡ್ ಕೇಳಿದ್ದು ಸರಿ. ನಾನು ಬೈದದ್ದು ತಪ್ಪು."

ಹುಡುಗಿ ಕೇಳಿದ್ದು ಕೆಲಸದ ಮಾತಲ್ಲ. "ಡಾಕ್ಟರಿಗೆ ತೋರಿಸೀರೇನ್ರಿ ಮೇಡಂ?" ಎಂದಳು. ಸ್ವರ ಒಡೆದಿತ್ತು.

"ತೋರಿಸುವ. ನೀನು ಅಳಬೇಡ ಮಾರಾಯ್ತಿ, ಕೆಲಸ ಇನ್ನೂ ಮುಗಿಯಲಿಲ್ಲ. ನನ್ನ ಕೈ ತಪ್ಪು ಅಂದ ಮಾತ್ರಕ್ಕೆ ನಿನ್ನದು ಸರಿ ಅಂತ ಆಗುವುದಿಲ್ಲ, ಅಳೆದೇ ಬರೆಯಬೇಕು. ಫೋನ್ ಇಡಬೇಡ." ಎಂದವರು ನನ್ನ ಕಡೆ ತಿರುಗಿ ಕೋಲು ಚಾಚಿದರು. "ಹಿಡಿ."

ಇಷ್ಟು ಭಾನುವಾರಗಳಲ್ಲಿ ಆ ಕೋಲನ್ನು ಕಾರಿನಿಂದ ಇಳಿಸಲೂ ನನಗೆ ಬಿಟ್ಟವರಲ್ಲ. ಎರಡೂ ಕೈಯಲ್ಲಿ ಹಿಡಿದೆ. "ಕಾಲು ಅಗಲ ಮಾಡು. ಭುಜ ಬಿಡು. ಕೋಲನ್ನು ಕತ್ತು ಹಿಸುಕಿದ ಹಾಗೆ ಹಿಡಿಯಬೇಡ. ಉಸಿರು ಬಿಡಬೇಡ!" ಪಾಲಿಟೆಕ್ನಿಕ್ಕಿನ ಸ್ವರ ವಾಪಸು ಬಂದಿತ್ತು. ಲಾರಿಯ ಡ್ರೈವರು, ಕುರ್ಚಿ ಇಳಿಸುವವರು, ನಾಲ್ಕಾರು ವಿದ್ಯಾರ್ಥಿಗಳು ಎಲ್ಲರೂ ಸುತ್ತ ನಿಂತು ಅವರೂ ಉಸಿರು ಬಿಗಿಹಿಡಿದರು. ನಾನು ಗುಳ್ಳೆಯನ್ನು ಬಿಟ್ಟು ಬೇರೆಲ್ಲೂ ನೋಡಲಿಲ್ಲ. ಅದು ನಡುವೆ ಕುಳಿತಿತ್ತು, ಅಲ್ಲಾಡಲಿಲ್ಲ.

"ಬಂತು!" ಎಂದು ಚಿಕ್ಕಮ್ಮ ಕೂಗಿದರು. "ಬಂತು, ಬಂತು! ಹಳೇ ಲೆಕ್ಕಕ್ಕೆ ಕೂದಲಷ್ಟು ವ್ಯತ್ಯಾಸ ಇಲ್ಲ! ಕೇಳ್ತಾ ಉಂಟಾ ಮಗಾ? ಪಾಸ್! ನಿನ್ನ ಸ್ಟೇಷನ್ ಪಾಸ್!" ಫೋನಿನಲ್ಲಿ ಹುಡುಗಿ ನಗುತ್ತಲೂ ಇದ್ದಳು, ಅಳುತ್ತಲೂ ಇದ್ದಳು. ಯಾವ ಪರೀಕ್ಷೆ ಎಂದು ತಿಳಿಯದ ವಿದ್ಯಾರ್ಥಿಗಳೂ ಪಾಸೆಂಬ ಮಾತು ಕೇಳಿದ್ದೇ ಚಪ್ಪಾಳೆ ತಟ್ಟಿದರು. ವರದಿಯಲ್ಲಿ ಏನು ಬರೆಯುತ್ತೇನೆಂದು ಚಿಕ್ಕಮ್ಮ ಅಲ್ಲೇ ಅವಳಿಗೆ ಓದಿ ಹೇಳಿದಂತೆ ಹೇಳಿದರು: ಸ್ಟೇಷನ್ ಸರಿಯಿದೆ, ಹಿಂದಿನ ವಾರಗಳ ವ್ಯತ್ಯಾಸಕ್ಕೆ ಅಳೆದವರ ಕೈ ಕಾರಣ. ಅಳೆದವರ ಹೆಸರನ್ನೂ ಪೂರ್ತಿಯಾಗಿ, ಇನಿಶಿಯಲ್ ಸಮೇತ ಹೇಳಿದರು.

ಜನ ಚದುರಿದರು. ನಾನು ಕೋಲು ಕೆಳಗಿಳಿಸಲು ಹೊರಟೆ.

"ಇರಲಿ," ಎಂದರು ಚಿಕ್ಕಮ್ಮ. "ಇನ್ನೊಮ್ಮೆ ನೋಡುವ."

"ಸರಿ ಬಂತಲ್ಲ ಚಿಕ್ಕಮ್ಮ?"

"ಬಂತು. ಆದ್ರೂ ಇನ್ನೊಮ್ಮೆ."

ಹತ್ತಿರ ಬಂದು, ಕೋಲು ಹಿಡಿದಿದ್ದ ನನ್ನ ಕೈಯ ಮೇಲೆ ತಮ್ಮ ಬಲಗೈ ಇಟ್ಟರು. ಅದರ ನಡುಕ ನನ್ನ ಬೆರಳುಗಳಿಗೆ ಇಳಿಯಿತು. ಗುಳ್ಳೆ ನಡುಗಿತು, ಮೆಲ್ಲಗೆ ಸರಿಯಿತು. ನಾನು ಕೋಲನ್ನು ಬಿಗಿಹಿಡಿಯಬಹುದಿತ್ತು, ಹಿಡಿಯಲಿಲ್ಲ.

"ಎಲ್ಲಿ ಉಂಟು?" ಎಂದು ಕೇಳಿದರು.

"ಸ್ವಲ್ಪ ಬದಿಗೆ ಸರಿದಿದೆ, ಚಿಕ್ಕಮ್ಮ."

"ಹಾಂ," ಎಂದರು. "ಹಾಗೆ ಹೇಳಬೇಕು."

ಕೈ ತೆಗೆಯಲಿಲ್ಲ. ತೆಗೆಯಿರಿ ಎಂದು ನಾನೂ ಹೇಳಲಿಲ್ಲ.